ದ್ರವ್ಯವೂ ಅದರ ಮಾರ್ಪಾಡುಗಳೂ: ಸುಣ್ಣದ ದೃಷ್ಟಾಂತದೊಡನೆ ಒಂದು ಪಾಠ

ಜಗತ್ತಿನಲ್ಲಿ ಯಾವ ವಸ್ತುವೂ ಇದ್ದಂತೆಯೇ ಇರುವುದಿಲ್ಲ. ಹರಿವಾಣದಲ್ಲಿಟ್ಟ ನೀರು ಆರುತ್ತದೆ, ಒಲೆಗಿಟ್ಟ ಸೌದೆ ಬೂದಿಯಾಗುತ್ತದೆ, ಅಂಗಳದಲ್ಲಿ ಮರೆತುಬಿಟ್ಟ ಕತ್ತಿ ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಹಿಡಿಯುತ್ತದೆ, ಹಾಲು ಮೊಸರಾಗುತ್ತದೆ. ಇವನ್ನು ನಾವು ದಿನವೂ ಕಾಣುತ್ತಿರುವುದರಿಂದ ನಮಗೆ ಆಶ್ಚರ್ಯವೆನಿಸುವುದಿಲ್ಲ. ಆದರೆ ಸ್ವಲ್ಪ ಯೋಚಿಸಿದರೆ ಒಂದು ಪ್ರಶ್ನೆ ಎದುರಾಗುತ್ತದೆ. ಆರಿದ ನೀರು ಎಲ್ಲಿಗೆ ಹೋಯಿತು? ಒಂದು ಹೊರೆ ಸೌದೆ ಉರಿದು ಹಿಡಿ ಬೂದಿಯಷ್ಟೇ ಉಳಿದಾಗ ಮಿಕ್ಕುದೆಲ್ಲ ನಾಶವಾಯಿತೆ?

ಈ ಪ್ರಶ್ನೆಗೆ ನಿಶ್ಚಿತವಾದ ಉತ್ತರ ದೊರೆತುದು ಹದಿನೆಂಟನೆಯ ಶತಮಾನದಲ್ಲಿ. ಅದೂ ತಕ್ಕಡಿಯ ಸಹಾಯದಿಂದ. ಆ ಉತ್ತರವನ್ನು ನಮ್ಮ ಕಾಸರಗೋಡು ಸೀಮೆಯ ಜನರಿಗೆಲ್ಲ ಪರಿಚಿತವಾದ ಸುಣ್ಣವೆಂಬ ವಸ್ತುವಿನ ಮೂಲಕ ತಿಳಿದುಕೊಳ್ಳುವುದೇ ಈ ಪಾಠದ ಉದ್ದೇಶ.

1. ದ್ರವ್ಯವೆಂದರೇನು?

ಸ್ಥಳವನ್ನು ಆಕ್ರಮಿಸುವ ಮತ್ತು ತೂಕವುಳ್ಳ ಪ್ರತಿಯೊಂದೂ ದ್ರವ್ಯವೆನಿಸುತ್ತದೆ. ಕಲ್ಲು, ನೀರು, ಗಾಳಿ ಈ ಮೂರೂ ದ್ರವ್ಯಗಳೇ. ಗಾಳಿಯು ಕಣ್ಣಿಗೆ ಕಾಣದ ಕಾರಣ ಅದನ್ನು ದ್ರವ್ಯವೆನ್ನಲು ಕೆಲವರಿಗೆ ಸಂಕೋಚವಾಗಬಹುದು. ಬರಿದಾದ ಗಾಜಿನ ಲೋಟವೊಂದನ್ನು ಬೋರಲಾಗಿ ಹಿಡಿದು ನೇರವಾಗಿ ನೀರಿನೊಳಗೆ ಅದುಮಿದರೆ ಸಂಕೋಚ ಪರಿಹಾರವಾಗುತ್ತದೆ. ನೀರು ಲೋಟವನ್ನು ತುಂಬಲಾರದು. ಏಕೆಂದರೆ ಅಲ್ಲಿ ಆಗಲೇ ಗಾಳಿಯಿದೆ. ಲೋಟವನ್ನು ಓರೆಮಾಡಿದ ಕೂಡಲೇ ಗಾಳಿಯು ಗುಳ್ಳೆಗಳಾಗಿ ಹೊರಟು, ನೀರು ಆ ಸ್ಥಳವನ್ನು ಸೇರುತ್ತದೆ.

ಬೆಳಕು, ಶಾಖ, ಶಬ್ದ ಇವು ದ್ರವ್ಯಗಳಲ್ಲ, ಶಕ್ತಿಯ ರೂಪಗಳು. ಕತ್ತಲೆಯ ಕೋಣೆಯಲ್ಲಿ ದೀಪ ಹಚ್ಚಿದರೆ ಬೆಳಕಿಗೆ ಎಡೆಮಾಡಿಕೊಡಲು ಯಾವ ವಸ್ತುವನ್ನೂ ಹೊರಕ್ಕೆ ಸಾಗಿಸಬೇಕಾಗಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ತೂಕವೆಂಬುದು ಭೂಮಿಯ ಸೆಳೆತದಿಂದ ಉಂಟಾಗುವುದು. ಚಂದ್ರನ ಮೇಲೆ ಅದೇ ವಸ್ತುವಿನ ತೂಕ ಸುಮಾರು ಆರನೆಯ ಒಂದು ಪಾಲಾಗುತ್ತದೆ. ಆದರೆ ವಸ್ತುವಿನಲ್ಲಿರುವ ದ್ರವ್ಯದ ಮೊತ್ತ, ಅಂದರೆ ಅದರ ದ್ರವ್ಯರಾಶಿ, ಎಲ್ಲಿಗೆ ಕೊಂಡೊಯ್ದರೂ ಒಂದೇ. ಈ ಪಾಠದಲ್ಲಿ ನಾವು ತೂಕವೆಂದಾಗಲೆಲ್ಲ ತಕ್ಕಡಿಯಿಂದ ಅಳೆದು ತಿಳಿದ ದ್ರವ್ಯರಾಶಿಯೆಂದೇ ವಿದ್ಯಾರ್ಥಿಗಳು ಗ್ರಹಿಸಬೇಕು.

2. ದ್ರವ್ಯದ ಗುಣಗಳು

ಸ್ಥಳಾಕ್ರಮಣ ಮತ್ತು ತೂಕ ಇವು ಎಲ್ಲ ದ್ರವ್ಯಗಳಿಗೂ ಸಾಮಾನ್ಯವಾದ ಗುಣಗಳು. ಒಂದು ವಸ್ತುವನ್ನು ಮತ್ತೊಂದರಿಂದ ಬೇರ್ಪಡಿಸಿ ಗುರುತಿಸಲು ನೆರವಾಗುವುವು ವಿಶೇಷ ಗುಣಗಳು: ಬಣ್ಣ, ವಾಸನೆ, ಗಡಸುತನ, ನೀರಿನಲ್ಲಿ ಕರಗುವಿಕೆ, ಕರಗುವ ಮತ್ತು ಕುದಿಯುವ ಉಷ್ಣತೆ ಇತ್ಯಾದಿ.

ಇವುಗಳಲ್ಲಿ ಸಾಂದ್ರತೆಯೆಂಬುದು ಮುಖ್ಯವಾದುದು. ಒಂದು ಘನ ಸೆಂಟಿಮೀಟರ್ ಗಾತ್ರದ ನೀರು 1 ಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಕಬ್ಬಿಣ 7.9 ಗ್ರಾಂ, ಪಾದರಸ 13.6 ಗ್ರಾಂ, ಬಂಗಾರ 19.3 ಗ್ರಾಂ ತೂಗುತ್ತವೆ. ತೆಂಗಿನೆಣ್ಣೆಯ ತೂಕ ಸುಮಾರು 0.92 ಗ್ರಾಂ, ಆದಕಾರಣವೇ ಎಣ್ಣೆಯು ನೀರಿನ ಮೇಲೆ ತೇಲುತ್ತದೆ. ಬಂಗಾರಕ್ಕೆ ತಾಮ್ರ ಬೆರೆಸಿದರೆ ಬಣ್ಣ ಕಣ್ಣನ್ನು ಮೋಸಗೊಳಿಸಬಹುದು. ಗಾತ್ರವನ್ನೂ ತೂಕವನ್ನೂ ಹೋಲಿಸಿ ನೋಡುವವನಿಗೆ ಮೋಸ ಬಯಲಾಗುತ್ತದೆ.

3. ಮೂರು ಅವಸ್ಥೆಗಳು

ದ್ರವ್ಯವು ಸಾಮಾನ್ಯವಾಗಿ ಘನ, ದ್ರವ, ಅನಿಲ ಎಂಬ ಮೂರು ಅವಸ್ಥೆಗಳಲ್ಲಿ ಕಾಣಬರುತ್ತದೆ. ಘನವಸ್ತುವಿಗೆ ತನ್ನದೇ ಆದ ಆಕಾರವೂ ಗಾತ್ರವೂ ಉಂಟು. ದ್ರವಕ್ಕೆ ಗಾತ್ರವುಂಟು, ಆಕಾರವಿಲ್ಲ. ಅದು ಪಾತ್ರೆಯ ಆಕಾರವನ್ನು ತಾಳುತ್ತದೆ. ಅನಿಲಕ್ಕೆ ಇವೆರಡೂ ಇಲ್ಲ. ಅದು ತನಗೆ ಕೊಟ್ಟ ಎಡೆಯನ್ನೆಲ್ಲ ವ್ಯಾಪಿಸುತ್ತದೆ. ವಸ್ತುವಿನ ಅತಿಸೂಕ್ಷ್ಮ ಕಣಗಳು ಘನದಲ್ಲಿ ಒತ್ತಾಗಿ ಕಟ್ಟುಬಿದ್ದು ಇದ್ದಲ್ಲಿಯೇ ಕಂಪಿಸುತ್ತವೆ. ದ್ರವದಲ್ಲಿ ಒಂದನ್ನೊಂದು ಬಿಡದೆ ಜಾರಾಡುತ್ತವೆ. ಅನಿಲದಲ್ಲಿ ದೂರದೂರವಾಗಿ ಸ್ವೇಚ್ಛೆಯಿಂದ ಓಡಾಡುತ್ತವೆ. ಶಾಖ ಕೊಟ್ಟಂತೆ ಕಣಗಳ ಚಲನೆ ಹೆಚ್ಚುತ್ತದೆ. ಆದುದರಿಂದಲೇ ಅವಸ್ಥೆ ಬದಲಾಗುತ್ತದೆ.

ನಮ್ಮ ಕರಾವಳಿಯಲ್ಲಿ ನೀರು ತಾನಾಗಿ ಹೆಪ್ಪುಗಟ್ಟುವುದನ್ನು ಕಂಡವರಿಲ್ಲ. ಆದರೆ ಧನುರ್ಮಾಸದ ಚಳಿಯಲ್ಲಿ ಬೆಳಗಿನ ಜಾವ ತೆಂಗಿನೆಣ್ಣೆಯ ಕುಪ್ಪಿ ಬೆಳ್ಳಗೆ ಗಟ್ಟಿಯಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ತೆಂಗಿನೆಣ್ಣೆಯು ಸುಮಾರು 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗತಕ್ಕ ವಸ್ತು. ಅದಕ್ಕಿಂತ ಚಳಿಯಾದರೆ ಘನ, ಬಿಸಿಲೇರಿದರೆ ದ್ರವ. ಹೆಪ್ಪುಗಟ್ಟುವಾಗ ಎಣ್ಣೆ ಕುಗ್ಗುವುದರಿಂದ ಗಟ್ಟಿಯಾದ ಭಾಗ ತಳದಲ್ಲಿ ಕೂಡುತ್ತದೆ. ನೀರಿನ ಸ್ವಭಾವ ಇದಕ್ಕೆ ವಿರುದ್ಧ. ಅದು ಹೆಪ್ಪುಗಟ್ಟುವಾಗ ಗಾತ್ರದಲ್ಲಿ ಸುಮಾರು ನೂರಕ್ಕೆ ಒಂಬತ್ತರಷ್ಟು ಹಿಗ್ಗುವುದರಿಂದ ಮಂಜುಗಡ್ಡೆ ನೀರಿನ ಮೇಲೆ ತೇಲುತ್ತದೆ.

ಕೆಲವು ವಸ್ತುಗಳು ಕರಗದೆಯೇ ಘನಾವಸ್ಥೆಯಿಂದ ನೇರವಾಗಿ ಅನಿಲವಾಗುತ್ತವೆ. ಡಬ್ಬಿಯಲ್ಲಿಟ್ಟ ಕರ್ಪೂರ ದಿನೇ ದಿನೇ ಸವೆದುಹೋಗುವುದು ಹೀಗೆ. ಅದು ಎಲ್ಲಿಗೂ ಮಾಯವಾಗಲಿಲ್ಲ; ಗಾಳಿಯಲ್ಲಿ ಸೇರಿತು. ಮೂಗು ಅದಕ್ಕೆ ಸಾಕ್ಷಿ.

4. ಎರಡು ಬಗೆಯ ಮಾರ್ಪಾಡುಗಳು

ಡಬ್ಬಿಯಲ್ಲಿ ಸವೆದ ಕರ್ಪೂರವೂ ಆರತಿಯ ತಟ್ಟೆಯಲ್ಲಿ ಉರಿದ ಕರ್ಪೂರವೂ ಕಣ್ಣಿಗೆ ಒಂದೇ ರೀತಿ ಇಲ್ಲವಾಗುತ್ತವೆ. ಆದರೆ ಎರಡು ಮಾರ್ಪಾಡುಗಳೂ ಮೂಲತಃ ಬೇರೆ. ಡಬ್ಬಿಯ ಕರ್ಪೂರ ಅನಿಲವಾದರೂ ಕರ್ಪೂರವೇ. ಅದರ ಆವಿಯನ್ನು ತಣಿಸಿದರೆ ಮತ್ತೆ ಅದೇ ಬಿಳಿಯ ಹರಳುಗಳು ದೊರೆಯುತ್ತವೆ. ಉರಿದ ಕರ್ಪೂರವಾದರೋ ಗಾಳಿಯ ಆಮ್ಲಜನಕದೊಡನೆ ಕೂಡಿ ಹೊಗೆ, ಮಸಿ, ನೀರಾವಿ, ಇಂಗಾಲದ ಡೈಆಕ್ಸೈಡ್ ಆಗಿಬಿಟ್ಟಿತು. ಅವುಗಳಲ್ಲಿ ಕರ್ಪೂರದ ಗುಣ ಯಾವುದೂ ಇಲ್ಲ.

ವಸ್ತು ತಾನೇ ಆಗಿ ಉಳಿದು ಅದರ ಆಕಾರ, ಗಾತ್ರ ಅಥವಾ ಅವಸ್ಥೆ ಮಾತ್ರ ಬದಲಾದರೆ ಅದು ಭೌತ ಪರಿವರ್ತನೆ. ಹಳೆಯ ವಸ್ತು ಅಳಿದು ಹೊಸ ಗುಣಗಳುಳ್ಳ ಹೊಸ ವಸ್ತು ಹುಟ್ಟಿದರೆ ಅದು ರಾಸಾಯನಿಕ ಪರಿವರ್ತನೆ. ನೀರು ಕುದಿಯುವುದು, ಉಪ್ಪು ನೀರಿನಲ್ಲಿ ಕರಗುವುದು, ಅಕ್ಕಿ ಹಿಟ್ಟಾಗುವುದು, ಹಸಿಕಾಯಿ ಒಣಗಿ ಕೊಬ್ಬರಿಯಾಗಿ ತೂಕದಲ್ಲಿ ಇಳಿಯುವುದು ಮೊದಲನೆಯ ವರ್ಗಕ್ಕೆ ಸೇರಿದವು. ಸೌದೆ ಉರಿಯುವುದು, ಕಬ್ಬಿಣ ತುಕ್ಕುಹಿಡಿಯುವುದು, ಅನ್ನ ಹಳಸುವುದು ಎರಡನೆಯ ವರ್ಗಕ್ಕೆ ಸೇರಿದವು.

ನಮ್ಮ ನುಡಿಯಲ್ಲಿ ಎಣ್ಣೆಯೂ ಹೆಪ್ಪುಗಟ್ಟುತ್ತದೆ, ಹಾಲಿಗೂ ಹೆಪ್ಪು ಹಾಕುತ್ತೇವೆ. ಮಾತು ಒಂದೇ ಆದರೂ ಕ್ರಿಯೆಗಳು ಎರಡು. ಹೆಪ್ಪುಗಟ್ಟಿದ ಎಣ್ಣೆಯನ್ನು ಬಿಸಿಲಿಗಿಟ್ಟರೆ ಎಣ್ಣೆಯೇ ದೊರೆಯುತ್ತದೆ. ಮೊಸರನ್ನು ಎಷ್ಟು ಕಾಯಿಸಿದರೂ ಹಾಲು ದೊರೆಯದು. ಹಾಲಿನ ಸಕ್ಕರೆಯು ಸೂಕ್ಷ್ಮ ಜೀವಿಗಳಿಂದ ಆಮ್ಲವಾಗಿ ಮಾರ್ಪಟ್ಟಿದೆ.

ಆದರೆ ಹಿಂದಕ್ಕೆ ತರಲಾಗದುದೆಲ್ಲ ರಾಸಾಯನಿಕವೆಂದೂ, ತರಬಹುದಾದುದೆಲ್ಲ ಭೌತವೆಂದೂ ತಿಳಿಯುವುದು ತಪ್ಪು. ಒಡೆದ ಮಡಕೆಯನ್ನು ಮೊದಲಿನಂತೆ ಮಾಡಲಾಗದು. ಆದರೂ ಅದು ಭೌತ ಪರಿವರ್ತನೆಯೇ, ಏಕೆಂದರೆ ಚೂರುಗಳೂ ಸುಟ್ಟ ಮಣ್ಣೇ. ಅರಸಿನದ ನೀರಿಗೆ ಸುಣ್ಣ ಸೇರಿಸಿದರೆ ಆರತಿಯ ಕೆಂಪು ನೀರಾಗುತ್ತದೆ. ಅದಕ್ಕೆ ಲಿಂಬೆಯ ರಸ ಹಿಂಡಿದರೆ ಪುನಃ ಹಳದಿಯಾಗುತ್ತದೆ. ಇದು ಹಿಂದಕ್ಕೆ ಬಂದರೂ ರಾಸಾಯನಿಕ ಪರಿವರ್ತನೆಯೇ. ಹೊಸ ವಸ್ತು ಹುಟ್ಟಿತೆ ಇಲ್ಲವೆ ಎಂಬುದೊಂದೇ ನಿಜವಾದ ಪರೀಕ್ಷೆ.

5. ಚಿಪ್ಪಿನ ವೃತ್ತಾಂತ

ಚಂದ್ರಗಿರಿ ಮೊದಲಾದ ನಮ್ಮ ಹೊಳೆಗಳು ಕಡಲನ್ನು ಸೇರುವ ಅಳಿವೆಗಳಲ್ಲಿ ಚಿಪ್ಪಿನ ಜೀವಿಗಳು ವಾಸಿಸುತ್ತವೆ. ನೀರಿನಲ್ಲಿ ಕರಗಿರುವ ಸುಣ್ಣದಂಶವನ್ನು ಹೀರಿಕೊಂಡು ಅವು ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳುತ್ತವೆ. ಚಿಪ್ಪಿನ ಬಹುಭಾಗ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ವಸ್ತು. ಸುಣ್ಣಕಲ್ಲೂ ಇದೇ, ಸೀಮೆಸುಣ್ಣದ ಬಂಡೆಯೂ ಇದೇ, ಅಮೃತಶಿಲೆಯೂ ಇದೇ. ಸಿಮೆಂಟು ಬಳಕೆಗೆ ಬರುವ ಮೊದಲು ಕರಾವಳಿಯ ಮುರಕಲ್ಲಿನ ಮನೆಗಳ ಗೋಡೆಗೆ ಬೇಕಾದ ಸುಣ್ಣ ಬಹುಮಟ್ಟಿಗೆ ಇಂಥ ಚಿಪ್ಪಿನಿಂದಲೇ ದೊರೆಯುತ್ತಿತ್ತು. ಆ ಕೆಲಸದಲ್ಲಿ ಮೂರು ಘಟ್ಟಗಳಿವೆ.

ಮೊದಲನೆಯದು ಸುಡುವಿಕೆ. ಚಿಪ್ಪನ್ನೂ ಇದ್ದಿಲನ್ನೂ ಗೂಡಿನಲ್ಲಿ ಪದರಪದರವಾಗಿ ಒಟ್ಟಿ ಬೆಂಕಿ ಕೊಡುತ್ತಾರೆ. ಉಷ್ಣತೆ ಸುಮಾರು 900 ಡಿಗ್ರಿಗೆ ಏರಿದಾಗ ಚಿಪ್ಪಿನೊಳಗಿನಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಚಿಪ್ಪಿನ ಆಕಾರ ಹೆಚ್ಚುಕಡಿಮೆ ಹಾಗೆಯೇ ಇರುತ್ತದೆ. ಆದರೆ ಕೈಯಲ್ಲೆತ್ತಿದರೆ ಹಗುರ. ಶುದ್ಧವಾದ 100 ಕಿಲೋಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ದೊರೆಯುವ ಸುಟ್ಟ ಸುಣ್ಣ 56 ಕಿಲೋಗ್ರಾಂ ಮಾತ್ರ.

ಎರಡನೆಯದು ಅರಳಿಸುವಿಕೆ. ಸುಟ್ಟ ಸುಣ್ಣಕ್ಕೆ ನೀರು ಸೋಕಿದೊಡನೆ ಅದು ಸುಯ್ಯೆಂದು ಕಾದು, ಹಬೆ ಬಿಟ್ಟು, ಬಿರಿದು, ಹಿಗ್ಗಿ ಪುಡಿಯಾಗುತ್ತದೆ. ಬೆಂಕಿಯಿಲ್ಲದೆಯೇ ನೀರು ಕುದಿಯುವಷ್ಟು ಶಾಖ ಹುಟ್ಟುತ್ತದೆ. ಹೂವಿಗೂ ಹುರಿದ ಭತ್ತಕ್ಕೂ ಬಳಸುವ ‘ಅರಳು’ ಎಂಬ ಮಾತನ್ನೇ ಈ ಕ್ರಿಯೆಗೆ ಬಳಸಿದ ನಮ್ಮ ಹಿರಿಯರು ಕಣ್ಣಾರೆ ಕಂಡುದನ್ನು ಎಷ್ಟು ಚೆನ್ನಾಗಿ ಹೆಸರಿಸಿದ್ದಾರೆ! 56 ಕಿಲೋಗ್ರಾಂ ಸುಟ್ಟ ಸುಣ್ಣವು 18 ಕಿಲೋಗ್ರಾಂ ನೀರನ್ನು ತನ್ನಲ್ಲಿ ಕೂಡಿಸಿಕೊಂಡು 74 ಕಿಲೋಗ್ರಾಂ ಅರಳಿದ ಸುಣ್ಣವಾಗುತ್ತದೆ. ಆ ನೀರು ಸುಣ್ಣವನ್ನು ಒದ್ದೆಮಾಡಿಲ್ಲ. ಅದರ ಅಂಗವೇ ಆಗಿದೆ.

ಮೂರನೆಯದು ಗಟ್ಟಿಯಾಗುವಿಕೆ. ಅರಳಿದ ಸುಣ್ಣಕ್ಕೆ ಮರಳು ಬೆರೆಸಿ ಗಾರೆ ಮಾಡಿ ಗೋಡೆಗೆ ಬಳಿದರೆ ಅದು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಲಗೊಳ್ಳುತ್ತ ಹೋಗುತ್ತದೆ. ಗಾರೆ ಒಣಗಿ ಗಟ್ಟಿಯಾಯಿತೆಂದು ಹೇಳುವುದು ವಾಡಿಕೆ. ನಿಜವಾಗಿ ನಡೆಯುವುದು ಅಷ್ಟೇ ಅಲ್ಲ. ಗೂಡಿನಲ್ಲಿ ಕಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಸುಣ್ಣವು ಗಾಳಿಯಿಂದ ಮೆಲ್ಲಮೆಲ್ಲನೆ ಹಿಂದಕ್ಕೆ ಪಡೆಯುತ್ತದೆ. 74 ಕಿಲೋಗ್ರಾಂ ಅರಳಿದ ಸುಣ್ಣವು 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ಕೂಡಿಸಿಕೊಂಡು, 18 ಕಿಲೋಗ್ರಾಂ ನೀರನ್ನು ಬಿಟ್ಟುಕೊಟ್ಟು, 100 ಕಿಲೋಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಹೊಸದಾಗಿ ಗಾರೆ ಮಾಡಿದ ಕೋಣೆಯಲ್ಲಿ ಬಹುಕಾಲ ತೇವವಿರುವುದಕ್ಕೆ ಈ ನೀರೂ ಒಂದು ಕಾರಣ. ಹೀಗೆ ಚಿಪ್ಪಾಗಿದ್ದುದೇ ಗೋಡೆಯಾಗಿ ನಿಂತಿತು. ನಡುವೆ ಎರಡು ಸಲ ಬೇರೆಯ ವಸ್ತುವಾದರೂ ಕೊನೆಗೆ ಹೊರಟಲ್ಲಿಗೇ ಬಂದಿತು. ತೂಕದಲ್ಲಿ ಒಂದು ಗ್ರಾಂ ಕೂಡ ಕಡಿಮೆಯಾಗಲಿಲ್ಲ.

6. ತಕ್ಕಡಿಯ ಸಾಕ್ಷ್ಯ

ಇಷ್ಟು ನಿಖರವಾದ ಲೆಕ್ಕ ನಮಗೆ ದೊರೆತುದು ಹೇಗೆ? ಸುಟ್ಟ ಸುಣ್ಣ ಅಷ್ಟೊಂದು ತೀಕ್ಷ್ಣವಾಗಿರುವುದಕ್ಕೆ ಗೂಡಿನ ಬೆಂಕಿಯ ಅಂಶ ಅದರೊಳಗೆ ಹೊಕ್ಕಿರುವುದೇ ಕಾರಣವೆಂದು ಹಿಂದಿನವರು ನಂಬಿದ್ದರು. ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್ ಎಂಬ ವೈದ್ಯಶಾಸ್ತ್ರಜ್ಞರು ಈ ನಂಬಿಕೆಯನ್ನು ತಕ್ಕಡಿಗೆ ಒಡ್ಡಿದರು. ಬೆಂಕಿ ಒಳಹೊಕ್ಕಿದ್ದರೆ ತೂಕ ಹೆಚ್ಚಬೇಕಿತ್ತು. ಆದರೆ ತೂಕ ಕಡಿಮೆಯಾಗಿತ್ತು. ಸುಣ್ಣಕಲ್ಲಿನಲ್ಲಿ ಬಂಧಿತವಾಗಿದ್ದ ಒಂದು ವಾಯು ಹೊರಹೋಗಿರುವುದೇ ಇದಕ್ಕೆ ಕಾರಣವೆಂದು ಅವರು 1756ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿಕೊಟ್ಟರು. ನಾವು ಉಸಿರಿನಲ್ಲಿ ಹೊರಬಿಡುವ ಗಾಳಿಯಲ್ಲಿಯೂ ಅದೇ ವಾಯುವಿರುವುದನ್ನು ಮುಂದೆ ಅವರೇ ಕಂಡುಕೊಂಡರು. ಅದನ್ನೇ ನಾವು ಇಂದು ಇಂಗಾಲದ ಡೈಆಕ್ಸೈಡ್ ಎನ್ನುತ್ತೇವೆ.

ಫ್ರಾನ್ಸಿನ ಆಂತ್ವಾನ್ ಲವಾಸಿಯೆ ಈ ದಾರಿಯಲ್ಲಿ ಮತ್ತಷ್ಟು ಮುಂದುವರಿದರು. ಗಾಳಿ ಹೊರಹೋಗದಂತೆ ಬಂಧಿಸಿದ ಪಾತ್ರೆಯಲ್ಲಿ ಪಾದರಸವನ್ನು ಅವರು ಹನ್ನೆರಡು ದಿನ ಕಾಯಿಸಿದರು. ಪಾದರಸದ ಮೇಲೆ ಕೆಂಪು ಪುಡಿ ಹುಟ್ಟಿತು. ಒಳಗಿನ ಗಾಳಿ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಉಳಿದ ಗಾಳಿಯಲ್ಲಿ ದೀಪ ಆರಿಹೋಯಿತು. ಅದೇ ಕೆಂಪು ಪುಡಿಯನ್ನು ಇನ್ನೂ ಹೆಚ್ಚು ಕಾಯಿಸಿದಾಗ ಪಾದರಸವೂ, ದೀಪವನ್ನು ಪ್ರಜ್ವಲಿಸುವ ಆಮ್ಲಜನಕವೂ ಮರಳಿ ದೊರೆತುವು. ರಾಸಾಯನಿಕ ಕ್ರಿಯೆಯ ಮೊದಲು ಇದ್ದ ದ್ರವ್ಯದ ಮೊತ್ತವೂ ಅನಂತರದ ಮೊತ್ತವೂ ಸಮ ಎಂಬ ತತ್ತ್ವವನ್ನು ಅವರು 1789ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಅದರ ಚಿತ್ರಗಳನ್ನು ರಚಿಸಿದವರು ಅವರ ಪತ್ನಿ ಮರೀ-ಆನ್. ಇದನ್ನೇ ದ್ರವ್ಯರಾಶಿಯ ನಿತ್ಯತ್ವ ನಿಯಮವೆನ್ನುತ್ತೇವೆ.

ಈ ನಿಯಮದ ಒಳಗುಟ್ಟು ಪರಮಾಣುಗಳಲ್ಲಿದೆ. ದ್ರವ್ಯವನ್ನು ವಿಭಜಿಸುತ್ತ ಹೋದರೆ ಪರಮಾಣುವಿನಲ್ಲಿ ನಿಲ್ಲಬೇಕೆಂಬ ವಿಚಾರವನ್ನು ನಮ್ಮ ದೇಶದ ವೈಶೇಷಿಕ ದರ್ಶನಕಾರರು ತರ್ಕದಿಂದ ಪ್ರತಿಪಾದಿಸಿದ್ದರು. ಅದನ್ನು ತೂಕದ ಲೆಕ್ಕಕ್ಕೆ ತಂದವರು ಇಂಗ್ಲೆಂಡಿನ ಜಾನ್ ಡಾಲ್ಟನ್. ಅವರ ಗ್ರಂಥದ ಮೊದಲ ಭಾಗ ಪ್ರಕಟವಾದುದು 1808ರಲ್ಲಿ. ಅದೇ ವರ್ಷ ಹಂಫ್ರಿ ಡೇವಿಯವರು ಸುಣ್ಣದಿಂದ ಕ್ಯಾಲ್ಸಿಯಂ ಎಂಬ ಲೋಹವನ್ನು ಬೇರ್ಪಡಿಸಿದರು. ಇಂದು ನಮಗೆ ತಿಳಿದಿರುವ ಮೂಲವಸ್ತುಗಳು 118. ಕ್ಯಾಲ್ಸಿಯಂ ಪರಮಾಣುವಿನ ತೂಕ 40, ಇಂಗಾಲದ್ದು 12, ಆಮ್ಲಜನಕದ್ದು 16, ಜಲಜನಕದ್ದು 1. ಚಿಪ್ಪಿನ ವಸ್ತುವಿನಲ್ಲಿ ಒಂದು ಕ್ಯಾಲ್ಸಿಯಂ, ಒಂದು ಇಂಗಾಲ, ಮೂರು ಆಮ್ಲಜನಕ: ಕೂಡಿದರೆ 100. ಗೂಡಿನಲ್ಲಿ ಒಂದು ಇಂಗಾಲವೂ ಎರಡು ಆಮ್ಲಜನಕವೂ ಜೊತೆಯಾಗಿ ಹೊರಟುವು: ಕೂಡಿದರೆ 44. ಉಳಿದುದು 56. ಪರಮಾಣುಗಳು ಜೊತೆಗಾರರನ್ನು ಬದಲಿಸಿದುವೇ ಹೊರತು ಒಂದೂ ಅಳಿಯಲಿಲ್ಲ, ಒಂದೂ ಹೊಸದಾಗಿ ಹುಟ್ಟಲಿಲ್ಲ.

ದ್ರವ್ಯರಾಶಿಯೂ ಶಕ್ತಿಯೂ ಒಂದು ಇನ್ನೊಂದಾಗಬಲ್ಲುವೆಂದು ಐನ್‌ಸ್ಟೈನರು 1905ರಲ್ಲಿ ತೋರಿಸಿದುದು ನಿಜ. ಪರಮಾಣುಗರ್ಭದ ಕ್ರಿಯೆಗಳಲ್ಲಿ ಇದು ಮಹತ್ತ್ವದ ವಿಷಯ. ಆದರೆ ಒಲೆಯಲ್ಲಿ, ಗೂಡಿನಲ್ಲಿ, ಗೋಡೆಯಲ್ಲಿ ನಡೆಯುವ ಕ್ರಿಯೆಗಳಲ್ಲಿ ಆ ವ್ಯತ್ಯಾಸ ಯಾವ ತಕ್ಕಡಿಗೂ ಸಿಕ್ಕದಷ್ಟು ಅಲ್ಪ.

ಈಗ ನಮ್ಮ ಮೊದಲ ಪ್ರಶ್ನೆಗೆ ಉತ್ತರ ಹೇಳಬಹುದು. ಉರಿದ ಸೌದೆ ನಾಶವಾಗಲಿಲ್ಲ. ಅದರ ಬಹುಭಾಗ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಅನಿಲಗಳಾಗಿ ಹೋಯಿತು. ಆ ಅನಿಲಗಳನ್ನೆಲ್ಲ ಹಿಡಿದು ಬೂದಿಯೊಡನೆ ತೂಗಿದರೆ ಮೊದಲಿನ ಸೌದೆಗಿಂತ ಹೆಚ್ಚೇ ಆಗುತ್ತದೆ. ಹೆಚ್ಚಾದುದು ಗಾಳಿಯಿಂದ ಬಂದ ಆಮ್ಲಜನಕ. ಕತ್ತಿಗೆ ಹಿಡಿದ ತುಕ್ಕೂ, ತುಕ್ಕಾದಷ್ಟು ಕಬ್ಬಿಣಕ್ಕಿಂತ ಹೆಚ್ಚು ತೂಗುವುದು ಇದೇ ಕಾರಣದಿಂದ.

7. ಹೆತ್ತವರ ಗಮನಕ್ಕೆ

ಅರಳಿದ ಸುಣ್ಣವು ತೀಕ್ಷ್ಣವಾದ ಕ್ಷಾರವಸ್ತು. ವೀಳ್ಯದೆಲೆಗೆ ಹಚ್ಚುವ ಸುಣ್ಣದ ಕರಡಿಗೆ ಅಥವಾ ಪೊಟ್ಟಣ ಎಳೆಯ ಮಕ್ಕಳ ಕೈಗೆ ಸಿಕ್ಕಿ, ಒತ್ತಿದಾಗ ಸುಣ್ಣ ಕಣ್ಣಿಗೆ ಸಿಡಿದು ದೃಷ್ಟಿಗೆ ಹಾನಿಯಾದ ಪ್ರಸಂಗಗಳು ನಮ್ಮ ದೇಶದಲ್ಲಿ ಉಂಟು. ಆದುದರಿಂದ ಅದನ್ನು ಮಕ್ಕಳ ಕೈಗೆಟುಕದಲ್ಲಿ ಇಡತಕ್ಕದ್ದು. ಸುಣ್ಣ ಕಣ್ಣಿಗೆ ಬಿದ್ದರೆ ಒಂದು ಕ್ಷಣವನ್ನೂ ಕಳೆಯದೆ ಶುದ್ಧವಾದ ತಣ್ಣೀರನ್ನು ಧಾರೆಯಾಗಿ ಬಿಟ್ಟು, ರೆಪ್ಪೆಗಳನ್ನು ಅಗಲಿಸಿ, ಇಪ್ಪತ್ತು ನಿಮಿಷಗಳಿಗೆ ಕಡಿಮೆಯಿಲ್ಲದಂತೆ ತೊಳೆಯಬೇಕು. ಅನಂತರ ಕೂಡಲೇ ನೇತ್ರವೈದ್ಯರಲ್ಲಿಗೆ ಕರೆದೊಯ್ಯಬೇಕು. ಕಣ್ಣನ್ನು ಉಜ್ಜಕೂಡದು. ಆಮ್ಲವು ಕ್ಷಾರವನ್ನು ಶಮನಗೊಳಿಸುವುದೆಂದು ಲಿಂಬೆಯ ರಸವನ್ನಾಗಲಿ, ತಂಪೆಂದು ತುಪ್ಪ ಹಾಲುಗಳನ್ನಾಗಲಿ ಹಾಕಲೇಕೂಡದು. ಸುಟ್ಟ ಸುಣ್ಣವನ್ನು ಅರಳಿಸುವ ಕೆಲಸದ ಹತ್ತಿರ ಮಕ್ಕಳನ್ನು ಬಿಡಬಾರದು.

8. ಮನೆಯಲ್ಲಿ ಮಾಡಿನೋಡಬಹುದಾದ ಪ್ರಯೋಗಗಳು

(ಸುಣ್ಣವನ್ನು ಬಳಸುವಾಗ ಹಿರಿಯರು ಜೊತೆಯಲ್ಲಿರಬೇಕು.)

ಅ) ಚಿಟಿಕೆ ಸುಣ್ಣವನ್ನು ಒಂದು ಲೋಟ ನೀರಿನಲ್ಲಿ ಕದಡಿ ರಾತ್ರಿಯೆಲ್ಲ ಮುಚ್ಚಿಡಿರಿ. ಬೆಳಿಗ್ಗೆ ಮೇಲಿನ ತಿಳಿಯನ್ನು ಮಾತ್ರ ಬೇರೆ ಲೋಟಕ್ಕೆ ಬಗ್ಗಿಸಿ, ಒಂದು ಕೊಳವೆಯಿಂದ ಮೆಲ್ಲನೆ ಊದಿರಿ. ಹೀರಬಾರದು. ಕೊಂಚ ಹೊತ್ತಿನಲ್ಲಿ ತಿಳಿನೀರು ಹಾಲಿನಂತಾಗುತ್ತದೆ. ನಿಮ್ಮ ಉಸಿರಿನಿಂದ ಚಿಪ್ಪಿನ ವಸ್ತುವೇ ಅಲ್ಲಿ ಹುಟ್ಟಿದೆ.

ಆ) ಅರಸಿನದ ನೀರಿಗೆ ಒಂದೆರಡು ಹನಿ ಸುಣ್ಣದ ತಿಳಿಯನ್ನೂ, ಅನಂತರ ಲಿಂಬೆಯ ರಸವನ್ನೂ ಹಾಕಿ ಬಣ್ಣಗಳನ್ನು ಗುರುತಿಸಿಕೊಳ್ಳಿರಿ.

ಇ) ತೂಕ ಮಾಡಿದ ಉಪ್ಪನ್ನು ನೀರಿನಲ್ಲಿ ಕರಗಿಸಿ, ಅಗಲವಾದ ತಟ್ಟೆಯಲ್ಲಿ ಬಿಸಿಲಿಗಿಟ್ಟು, ಉಳಿದ ಉಪ್ಪನ್ನು ಪುನಃ ತೂಗಿರಿ.

ಪ್ರಶ್ನೆಗಳು

1. ಕೆಳಗಿನವುಗಳಲ್ಲಿ ಭೌತ ಪರಿವರ್ತನೆ ಯಾವುದು, ರಾಸಾಯನಿಕ ಪರಿವರ್ತನೆ ಯಾವುದು? ಕಾರಣ ಕೊಡಿರಿ: ಬೆಲ್ಲ ಕರಗುವುದು, ಗೋಡಂಬಿ ಸೀದುಹೋಗುವುದು, ತುಪ್ಪ ಹೆಪ್ಪುಗಟ್ಟುವುದು, ಮುರಕಲ್ಲನ್ನು ಕಡಿಯುವುದು.
2. 250 ಕಿಲೋಗ್ರಾಂ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟಿನಿಂದ ಎಷ್ಟು ಸುಟ್ಟ ಸುಣ್ಣ ದೊರೆಯುತ್ತದೆ? ಎಷ್ಟು ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ?
3. ಎಲೆಯ ಸುಣ್ಣದ ಕರಡಿಗೆಯನ್ನು ತೆರೆದಿಟ್ಟರೆ ಸುಣ್ಣದ ಖಾರ ಕ್ರಮೇಣ ಇಳಿಯುವುದೇಕೆ?

ಈ ಪಾಠದ ಶಾಸ್ತ್ರವಿಷಯಗಳನ್ನು ನಮ್ಮ ಮಕ್ಕಳು ಮುಂದೆ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಓದಬೇಕಾಗಬಹುದು. ರಾಜ್ಯದ ಭಾಷೆಯಾದ ಮಲೆಯಾಳದಲ್ಲಿಯೂ ಕೇಳಬೇಕಾಗಬಹುದು. ಅದರಿಂದ ಹೆತ್ತವರು ಚಿಂತಿಸಬೇಕಾಗಿಲ್ಲ. ಸುಡುವುದು, ಅರಳುವುದು, ಹೆಪ್ಪುಗಟ್ಟುವುದು ಎಂಬ ಮಾತುಗಳ ಹಿಂದಿರುವ ಸಂಗತಿಯನ್ನು ಅಂಗಳದಲ್ಲಿಯೂ ಅಡುಗೆಮನೆಯಲ್ಲಿಯೂ ಕಣ್ಣಾರೆ ಕಂಡು, ತೂಗಿ, ಮಾತೃಭಾಷೆಯಲ್ಲಿ ಒಮ್ಮೆ ಸ್ಪಷ್ಟವಾಗಿ ತಿಳಿದುಕೊಂಡ ವಿದ್ಯಾರ್ಥಿಗೆ ಬೇರೊಂದು ನುಡಿಯ ಹೆಸರನ್ನು ಕಲಿಯುವುದು ಕೆಲವು ದಿನಗಳ ಕೆಲಸ. ತಿಳಿವಳಿಕೆಯೇ ಇಲ್ಲದೆ ಹೆಸರನ್ನು ಮಾತ್ರ ಕಂಠಪಾಠ ಮಾಡಿದವನಿಗೆ ಯಾವ ಭಾಷೆಯೂ ನೆರವಾಗದು. ಆದುದರಿಂದ ಮೇಲಿನ ಪ್ರಯೋಗಗಳನ್ನು ಮಕ್ಕಳು ಮಾಡಲಿ, ಹಿರಿಯರು ಪಕ್ಕದಲ್ಲಿ ಕುಳಿತು ನೋಡಲಿ, ಕಂಡುದನ್ನು ಮನೆಯ ಮಾತಿನಲ್ಲಿಯೇ ಬರೆದಿಡಲಿ ಎಂದು ನಾವು ಕೋರುತ್ತೇವೆ.